ಉತ್ತರ ಎರಡಿದ್ದರೆ ತಪ್ಪು ಪ್ರಶ್ನೆಯದು: ಕ್ವಿಜ್ ಪ್ರಶ್ನೆ ಬರೆಯುವವರಿಗೆ ಕೋಲಾರದಿಂದ ಒಂದಿಷ್ಟು

ವಿಶ್ವೇಶ್ವರಯ್ಯನವರು ಹುಟ್ಟಿದ್ದು ಯಾವ ಜಿಲ್ಲೆಯಲ್ಲಿ? ಕೋಲಾರ, ಚಿಕ್ಕಬಳ್ಳಾಪುರದ ಯಾವ ಶಾಲೆಯಲ್ಲಿ ಇದನ್ನು ಕೇಳಿದರೂ ಜಗಳ ಗ್ಯಾರಂಟಿ. ಮುದ್ದೇನಹಳ್ಳಿ ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದು ನಿಜ, ಆದರೆ ಆ ಜಿಲ್ಲೆ ಕೋಲಾರದಿಂದ ಬೇರೆಯಾದದ್ದೇ 2007ರಲ್ಲಿ. ಅದಕ್ಕಿಂತ ಹಳೆಯ ಪುಸ್ತಕ ಇಟ್ಟುಕೊಂಡ ಮೇಷ್ಟ್ರು ಕೋಲಾರ ಅಂತಲೇ ಹೇಳಿಕೊಟ್ಟಿರುತ್ತಾರೆ, ಅವರ ಪುಸ್ತಕದ ಮಟ್ಟಿಗೆ ಅದೂ ಸರಿಯೇ. ಜಿಲ್ಲೆ ಬಿಟ್ಟು ಊರು ಕೇಳಿದರೆ ಗಲಾಟೆಯೇ ಇಲ್ಲ. ಇಸವಿಯನ್ನೂ ಕೇಳಬೇಡಿ: 1860 ಎಂದೂ 1861 ಎಂದೂ ಅಚ್ಚಾಗಿದೆ. ಸೆಪ್ಟೆಂಬರ್ 15ರ ಬಗ್ಗೆ ತಕರಾರಿಲ್ಲ, ಆದರೆ ಎಂಜಿನಿಯರ್‌ಗಳ ದಿನ ಇಲ್ಲಿನ ಮಕ್ಕಳಿಗೆ ಬಾಯಿಪಾಠ. ಅದು ಪುಕ್ಕಟೆ ಅಂಕ.

ಹಾಗಾಗಿ ಈ ಕೆಲಸದಲ್ಲಿ ಮೊದಲು ಬರೆಯಬೇಕಾದದ್ದು ಉತ್ತರ. ಅದರ ಕೆಳಗೆ, ವಾದಕ್ಕೆ ನಿಲ್ಲುವ ಮಗು ಇನ್ನೇನು ಹೇಳಬಹುದು ಅನ್ನೋದನ್ನು ಬರೆದುಕೊಳ್ಳಿ. ಆಮೇಲೆ ಆ ಒಂದೊಂದು ಬಾಗಿಲಿಗೂ ಪ್ರಶ್ನೆಯೊಳಗೆ ಒಂದೊಂದು ಪದದ ಬೀಗ ಹಾಕಿ. ‘ಜಗತ್ತಿನ ಅತಿ ದೊಡ್ಡ ಮರುಭೂಮಿ’ ಅಂದರೆ ಅಂಟಾರ್ಕ್ಟಿಕಾ, ‘ಬಿಸಿ ಮರುಭೂಮಿ’ ಅಂದರೆ ಸಹಾರಾ. ಒಂದು ಪದದ ಅಂತರ, ಅಷ್ಟೇ.

ರತ್ನಗಳ ಸುತ್ತಿನಲ್ಲಿ ಬೀಗ ಇನ್ನೂ ಗಟ್ಟಿಯಾಗಿರಬೇಕು, ಏಕೆಂದರೆ ಅಲ್ಲಿ ಕನ್ನಡವೇ ಕೈ ಕೊಡುತ್ತದೆ. ‘ಪುಷ್ಯರಾಗದ ಗಡಸುತನ ಎಷ್ಟು?’ ಪಠ್ಯದಲ್ಲಿ ಟೋಪಾಜ್‌ಗೆ ಪುಷ್ಯರಾಗ ಅನ್ನುತ್ತಾರೆ, ಮೋಸ್ ಮಾಪಕದಲ್ಲಿ ಅದು 8. ಒಡವೆ ಅಂಗಡಿಯಲ್ಲಿ ಪುಷ್ಯರಾಗ ಅಂತ ಉಂಗುರಕ್ಕೆ ಕೂರಿಸುವುದು ಸಾಮಾನ್ಯವಾಗಿ ಹಳದಿ ನೀಲಮಣಿಯನ್ನು, ಅಂದರೆ ಕೊರಂಡಮ್ ಖನಿಜವನ್ನು. ಅದು 9. ಅಪ್ಪನ ಅಂಗಡಿಯಲ್ಲಿ ಕೂತ ಹುಡುಗ ಹೇಳಿದ್ದೂ ಸರಿ, ವಿಜ್ಞಾನದ ಮೇಡಂ ಹೇಳಿದ್ದೂ ಸರಿ. ಇಂಥ ಕಡೆ ‘ಟೋಪಾಜ್’ ಎಂದೇ ಬರೆಯಿರಿ, ಕನ್ನಡಾಭಿಮಾನ ಆಮೇಲೆ ನೋಡಿಕೊಳ್ಳೋಣ. ಅದಕ್ಕಿಂತ ಒಳ್ಳೆಯ ಪ್ರಶ್ನೆ ಬೇಕಾದರೆ: ಕೆಂಪಗಿರುವ ಮಾಣಿಕ್ಯವೂ ನೀಲಿ ನೀಲಮಣಿಯೂ ಒಂದೇ ಖನಿಜ, ಯಾವುದು? ಉತ್ತರ ಕೊರಂಡಮ್. ಮಾಣಿಕ್ಯದ ಕೆಂಪು ಕ್ರೋಮಿಯಂನಿಂದ, ನೀಲಮಣಿಯ ನೀಲಿ ಕಬ್ಬಿಣ ಮತ್ತು ಟೈಟಾನಿಯಂನಿಂದ. ಕ್ಯಾರೆಟ್ಟಿನದೂ ಇದೇ ಪಾಡು. ಇಂಗ್ಲಿಷಿನಲ್ಲಿ ಕಾಗುಣಿತ ನೋಡಿ ಬೇರೆ ಮಾಡಬಹುದು, ನಮಗೆ ಎರಡೂ ‘ಕ್ಯಾರೆಟ್’. ರತ್ನಕ್ಕಾದರೆ ಅದು ತೂಕ, 0.2 ಗ್ರಾಂ. ಚಿನ್ನಕ್ಕಾದರೆ 24ರಲ್ಲಿ ಎಷ್ಟು ಪಾಲು ಶುದ್ಧ ಅನ್ನುವ ಲೆಕ್ಕ, 22 ಅಂದರೆ ನೂರಕ್ಕೆ ಸುಮಾರು 91.6. ‘ವಜ್ರದ’ ಅಥವಾ ‘ಚಿನ್ನದ’ ಅನ್ನುವ ಪದ ಇಲ್ಲದೆ ಕ್ಯಾರೆಟ್ ಪ್ರಶ್ನೆ ಹೊರಡಲೇಬಾರದು.

ಕಂಪ್ಯೂಟರ್ ಸುತ್ತು ಸುಲಭ ಅಂದುಕೊಳ್ಳುವವರೇ ಹೆಚ್ಚು. ‘ಲಕ್ಷ್ಮಿ’ ಪದದಲ್ಲಿ ಎಷ್ಟು ಅಕ್ಷರ? ಬರೆದಂತೆ ಎಣಿಸಿದರೆ 2. ವ್ಯಾಕರಣದ ವರ್ಣ ಎಣಿಸಿದರೆ ಲ್, ಅ, ಕ್, ಷ್, ಮ್, ಇ, ಒಟ್ಟು 6. ಯೂನಿಕೋಡ್ ಸಂಕೇತ, ಅಂದರೆ ಬರಹದ ಒಂದೊಂದು ತುಂಡಿಗೂ ಕಂಪ್ಯೂಟರ್ ಇಟ್ಟುಕೊಳ್ಳುವ ಗುರುತು, ಎಣಿಸಿದರೆ ಲ, ಕ, ವಿರಾಮ (ಒತ್ತಕ್ಷರ ಕೂಡಿಸುವ ಚಿಹ್ನೆ), ಷ, ವಿರಾಮ, ಮ, ಗುಡಿಸು, ಒಟ್ಟು 7. ಮೂರೂ ಸರಿ. ‘ಯೂನಿಕೋಡ್ ಸಂಕೇತ’ ಅಂತ ಬಿಡಿಸಿ ಕೇಳಿದರೆ ಮಾತ್ರ ಇದು ಸೊಗಸಾದ ಪ್ರಶ್ನೆ. ಕಿಲೋಬೈಟ್‌ಗೆ ಪಠ್ಯದಲ್ಲಿ 1024 ಬೈಟ್, ಹಾರ್ಡ್ ಡಿಸ್ಕ್ ಮಾರುವವರ ಲೆಕ್ಕದಲ್ಲಿ 1000. 1024ಕ್ಕೆ ಕಿಬಿಬೈಟ್ ಅನ್ನುವ ಬೇರೆ ಹೆಸರು 1998ರಲ್ಲೇ ಬಂದರೂ ಯಾರ ಬಾಯಲ್ಲೂ ನಿಂತಿಲ್ಲ. ಅಂದಹಾಗೆ, ಪ್ರಶ್ನೆಗಳನ್ನು ‘ನುಡಿ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಒಯ್ದರೆ ಶಾಲೆಯ ಕಂಪ್ಯೂಟರಿನಲ್ಲಿ ತೆರೆಯುವುದು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಯೂನಿಕೋಡಿನಲ್ಲಿ ಟೈಪ್ ಮಾಡಿ, ಜೊತೆಗೆ ಪಿಡಿಎಫ್ ಇಟ್ಟುಕೊಂಡಿರಿ.

‘ಮೊದಲ’, ‘ಅತಿ ದೊಡ್ಡ’ ಅನ್ನುವ ಪದ ಕಂಡಲ್ಲಿ ಪೆನ್ನು ಕೆಳಗಿಡಿ. ಶಿವನಸಮುದ್ರಕ್ಕೆ ‘ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ’ ಎಂಬ ಬಿರುದು ಇನ್ನೂ ಓಡಾಡುತ್ತಿದೆ, ಡಾರ್ಜಿಲಿಂಗ್ ಬಳಿಯ ಸಿದ್ರಾಪಾಂಗ್ 1897ರಲ್ಲೇ ಶುರುವಾಗಿತ್ತು. ಅದನ್ನೇ ತಿರುಗಿಸಿ: 1902ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರ ಎಳೆದು ತಂದದ್ದು ಎಲ್ಲಿಗೆ? ಕೆಜಿಎಫ್ ಗಣಿಗೆ. ‘ಅತಿ ದೊಡ್ಡ ಏಕಶಿಲಾ ಬೆಟ್ಟ’ ಎಂಬ ಬಿರುದೂ ಹಾಗೆಯೇ, ಮಧುಗಿರಿಗೂ ಸಾವನದುರ್ಗಕ್ಕೂ ಅಂಟಿಸಿದ್ದಾರೆ. ತುಮಕೂರಿನ ತಂಡ ಕೂತಿದ್ದರೆ ಮುಟ್ಟಲೇಬೇಡಿ.

ಸಾಹಿತ್ಯದಲ್ಲಿ ಒಂದೇ ಎಚ್ಚರ. ಜ್ಞಾನಪೀಠ 1982ರಿಂದ ಒಟ್ಟು ಸಾಹಿತ್ಯಕ್ಕೆ ಸಲ್ಲುತ್ತದೆ, ಅದಕ್ಕೆ ಮುಂಚೆ ಒಂದು ಕೃತಿಗೆ. ಬೇಂದ್ರೆಯವರಿಗೆ ‘ನಾಕುತಂತಿ’ಗೆ ಅನ್ನಬಹುದು. 1983ರ ಮಾಸ್ತಿಯವರಿಗೆ ‘ಯಾವ ಕೃತಿಗೆ’ ಎಂದು ಕೇಳುವ ರೂಢಿ ಇದ್ದರೂ ಬಿಟ್ಟುಬಿಡಿ. ಮಾಸ್ತಿ ಮಾಲೂರು ತಾಲ್ಲೂಕಿನವರು, ಡಿವಿಜಿ ಮುಳಬಾಗಿಲಿನವರು. ಇಲ್ಲಿ ಅವರಿಬ್ಬರ ಊರು ಕೇಳುವುದು ಅಂಕ ಹಂಚಿದಂತೆ.

ಬಜರ್ ಸುತ್ತಿನಲ್ಲಿ ನಮ್ಮ ಭಾಷೆಗೇ ಇರುವ ತೊಡಕೊಂದಿದೆ: ಏನು ಕೇಳುತ್ತಿದ್ದೇವೆ ಅನ್ನೋದು ವಾಕ್ಯದ ಕೊನೆಯಲ್ಲಿ ಬರುತ್ತದೆ. ‘ಬೂದಿಕೋಟೆಯಲ್ಲಿ ಹುಟ್ಟಿ ಮೈಸೂರನ್ನು ಆಳಿದ...’ ಅನ್ನುವಷ್ಟರಲ್ಲಿ ಬಜರ್ ಒತ್ತಿ ‘ಹೈದರಾಲಿ’ ಅನ್ನುತ್ತಾರೆ. ನೀವು ಕೇಳಹೊರಟದ್ದು ಅವನ ಮಗನ ಹೆಸರು. ‘ಒಬ್ಬನ ಮಗನ ಹೆಸರು ಹೇಳಿ’ ಎಂದು ಮೊದಲೇ ಇಟ್ಟು, ಸುಳಿವು ಆಮೇಲೆ ಕೊಡಿ. ಓದಲು ಕೊಂಚ ಒರಟಾಗುತ್ತದೆ, ಆಗಲಿ.

60 ಪ್ರಶ್ನೆ ಬೇಕಿದ್ದರೆ 80 ಬರೆದುಕೊಂಡು ಹೋಗಿ, ಸ್ಥಳದಲ್ಲೇ ಕೆಲವು ಕೆಡುತ್ತವೆ. ಒಪ್ಪಬಹುದಾದ ಪರ್ಯಾಯ ಉತ್ತರಗಳನ್ನು ಮುಂಚೆಯೇ ಹಾಳೆಯಲ್ಲಿ ಬರೆದಿರಿ: ಮರಕತ ಅಂದರೂ ಪಚ್ಚೆ ಅಂದರೂ ಅಂಕ. ಸಮಬಲ ಬಿಡಿಸಲು ಸಂಖ್ಯೆಯ ಪ್ರಶ್ನೆಯೇ ಲೇಸು. 1905ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಸಿಕ್ಕ ಕಲಿನನ್ ವಜ್ರದ ಕಚ್ಚಾ ತೂಕ ಎಷ್ಟು ಕ್ಯಾರೆಟ್? 3,106. ಹತ್ತಿರ ಬಂದವರು ಗೆದ್ದರು. ಬಾಯಲ್ಲಿ ಹೇಳಿಸಬೇಡಿ, ಎರಡನೆಯ ತಂಡ ಮೊದಲನೆಯದರ ಸಂಖ್ಯೆಗೆ ಒಂದು ಸೇರಿಸಿ ಕೂತುಬಿಡುತ್ತದೆ. ಚೀಟಿಯಲ್ಲಿ ಬರೆಸಿ, ಎರಡನ್ನೂ ಒಟ್ಟಿಗೆ ಬಿಚ್ಚಿ.