ಡಾವ್ಕಿಗೆ ಹೋದರೆ ಒಂದು ರಾತ್ರಿ ಹೊಳೆ ದಂಡೆಯಲ್ಲಿ ಉಳಿಯಿರಿ

ದೋಣಿ ಗಾಳಿಯಲ್ಲಿ ತೇಲುತ್ತಿರುವಂತೆ ಕಾಣುವ ಮೇಘಾಲಯದ ಆ ಫೋಟೊ ನಿಮ್ಮ ಫೋನಿಗೂ ಬಂದಿರುತ್ತದೆ. 2021ರ ನವೆಂಬರ್‌ನಲ್ಲಿ ಕೇಂದ್ರ ಜಲಶಕ್ತಿ ಸಚಿವಾಲಯವೇ ಅದನ್ನು ಹಂಚಿಕೊಂಡ ಮೇಲೆ ಬೆಂಗಳೂರಿನಿಂದ ಹೋಗುವವರು ಜಾಸ್ತಿ ಆದರು. ಹೊಳೆಯ ಹೆಸರು ಉಮ್‌ಗೋಟ್, ಊರು ಡಾವ್ಕಿ. ಹೆಚ್ಚಿನವರು ಬೆಳಿಗ್ಗೆ ಶಿಲ್ಲಾಂಗ್‌ನಿಂದ ಹೊರಡುತ್ತಾರೆ, ಸ್ವಲ್ಪ ಹೊತ್ತು ದೋಣಿಯಲ್ಲಿ ಕೂರುತ್ತಾರೆ, ಸಂಜೆಗೆ ವಾಪಸ್. ಹಾಗೆ ಮಾಡಬೇಡಿ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಈ ಹೊಳೆ ಗುಡ್ಡದಿಂದ ಇಳಿದು ಬಯಲು ಮುಟ್ಟುವ ಜಾಗದಲ್ಲೇ ದೇಶವೂ ಮುಗಿಯುತ್ತದೆ. ಅದನ್ನು ಮೇಲಿನಿಂದ ಕೆಳಕ್ಕೆ ನೋಡಬೇಕು. ಅದಕ್ಕೆ ಒಂದು ರಾತ್ರಿ ಬೇಕು.

ಮೊದಲು ತಲುಪುವ ವಿಚಾರ. ಬೆಂಗಳೂರಿನಿಂದ ಗುವಾಹಟಿಗೆ ನೇರ ವಿಮಾನ ಇದೆ, ಸುಮಾರು ಮೂರು ಗಂಟೆ. ಬೈಯಪ್ಪನಹಳ್ಳಿ ಟರ್ಮಿನಲ್‌ನಿಂದ ರೈಲೂ ಇದೆ, ಆದರೆ ಎರಡು ದಿನಕ್ಕೂ ಜಾಸ್ತಿ ಹಿಡಿಯುತ್ತದೆ. ಗುವಾಹಟಿಯಿಂದ ಶಿಲ್ಲಾಂಗ್ ಸುಮಾರು 100 ಕಿ.ಮೀ. ಪಲ್ಟನ್ ಬಜಾರ್‌ನಲ್ಲಿ ಶೇರ್ ಸುಮೊ ಸಿಗುತ್ತವೆ. ಶಿಲ್ಲಾಂಗ್‌ನಿಂದ ಡಾವ್ಕಿ ಇನ್ನೂ 80 ಕಿ.ಮೀ. ಆಸುಪಾಸು. ಪೈನುರ್ಸ್ಲಾ ದಾಟಿದ ಮೇಲೆ ರಸ್ತೆ ಇಳಿಯುತ್ತಲೇ ಹೋಗುತ್ತದೆ. ಸ್ವೆಟರ್ ಹಾಕಿಕೊಂಡು ಹೊರಟವರು ಕೆಳಗೆ ತಲುಪುವಾಗ ಅದನ್ನು ತೆಗೆದು ಚೀಲಕ್ಕೆ ತುರುಕುತ್ತಾರೆ. ಶಿಲ್ಲಾಂಗ್ ಸುಮಾರು 1,500 ಮೀಟರ್ ಎತ್ತರದಲ್ಲಿದೆ. ಕೆಳಗೆ ಬಾಂಗ್ಲಾದೇಶದ ಸಿಲ್ಹೆಟ್ ಬಯಲು ಸಮುದ್ರ ಮಟ್ಟಕ್ಕಿಂತ ಅಷ್ಟೇನೂ ಮೇಲಿಲ್ಲ.

ನಮ್ಮ ಪಶ್ಚಿಮ ಘಟ್ಟಕ್ಕೂ ಕರಾವಳಿಗೂ ನಡುವೆ ಒಂದಿಷ್ಟು ಅಗಲದ ತಪ್ಪಲು ಇರುತ್ತದೆ. ಇಲ್ಲಿ ಅದೂ ಇಲ್ಲ. ಶಿಲ್ಲಾಂಗ್ ಪ್ರಸ್ಥಭೂಮಿಯ ದಕ್ಷಿಣದ ಅಂಚಿನಲ್ಲಿ ಭೂಮಿಯೊಳಗೆ ಒಂದು ದೊಡ್ಡ ಬಿರುಕಿದೆ. ಭೂವಿಜ್ಞಾನಿಗಳು ಅದಕ್ಕೆ ಡಾವ್ಕಿಯ ಹೆಸರನ್ನೇ ಇಟ್ಟಿದ್ದಾರೆ. ಬಿರುಕಿನ ಉತ್ತರಕ್ಕೆ ನೆಲ ಮೇಲೆದ್ದಿದೆ, ದಕ್ಷಿಣಕ್ಕೆ ಕುಸಿದಿದೆ. ಬಂಗಾಳ ಕೊಲ್ಲಿಯಿಂದ ಬರುವ ಮೋಡ ಬಾಂಗ್ಲಾದೇಶದ ಚಪ್ಪಟೆ ಬಯಲನ್ನು ಅಡ್ಡಿಯಿಲ್ಲದೆ ದಾಟಿ ನೇರ ಈ ಗೋಡೆಗೆ ಬಡಿಯುತ್ತದೆ. ಇದೇ ಅಂಚಿನಲ್ಲಿ ಪಶ್ಚಿಮಕ್ಕಿರುವ ಮೌಸಿನ್‌ರಾಮ್‌ನಲ್ಲಿ ವರ್ಷಕ್ಕೆ ಸರಾಸರಿ 11,800 ಮಿ.ಮೀ.ನಷ್ಟು ಮಳೆ. ಬೆಂಗಳೂರಿನದು ಸಾವಿರದ ಆಸುಪಾಸು.

ಉಮ್‌ಗೋಟ್ ಹುಟ್ಟುವುದು ಶಿಲ್ಲಾಂಗ್‌ನ ಪೂರ್ವದ ಎತ್ತರದಲ್ಲಿ. ಖಾಸಿ ಬೆಟ್ಟ ಒಂದು ಕಡೆ, ಜೈಂತಿಯಾ ಬೆಟ್ಟ ಇನ್ನೊಂದು ಕಡೆ, ನಡುವೆ ಬಂಡೆ ಕೊರೆದುಕೊಂಡು ಇಳಿಯುತ್ತದೆ. ಪಾತ್ರದ ತುಂಬ ಕಲ್ಲು. ಚಳಿಗಾಲದಲ್ಲಿ ಮಣ್ಣು ತೊಳೆದು ತರುವ ಮಳೆಯಿಲ್ಲ, ಬೆಟ್ಟದಿಂದ ಜಿನುಗುವ ನೀರೇ ಹರಿಯುತ್ತದೆ. ಅದಕ್ಕೇ ಆ ತಿಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋದರೆ ಇದೇ ಹೊಳೆ ಕೆಂಪಗೆ ಉಕ್ಕಿ ಹರಿಯುತ್ತಿರುತ್ತದೆ. ಫೋಟೊದ ನೀರು ಬೇಕಿದ್ದರೆ ನವೆಂಬರ್‌ನಿಂದ ಫೆಬ್ರವರಿವರೆಗೆ ಹೋಗಿ. ಬೆಳಿಗ್ಗೆ ಸೂರ್ಯ ಮೇಲೆ ಬಂದ ಮೇಲೆ ದೋಣಿ ಹತ್ತಿ. ಬಿಸಿಲು ತಳ ಮುಟ್ಟಿದಾಗಲೇ ದೋಣಿಯ ನೆರಳು ಕೆಳಗಿನ ಕಲ್ಲಿನ ಮೇಲೆ ಬೀಳುವುದು.

ಉಳಿಯುವುದಕ್ಕೆ ನಾನು ಹೇಳುವ ಜಾಗ ಶ್ನಾಂಗ್‌ಪ್ಡೆಂಗ್. ಡಾವ್ಕಿಯಿಂದ ಕೆಲವೇ ಕಿ.ಮೀ. ಮೇಲಕ್ಕೆ, ಹೊಳೆಯ ಪಕ್ಕದಲ್ಲೇ ಇರುವ ಹಳ್ಳಿ. ಹೋಂಸ್ಟೇ ಇದೆ, ಕಲ್ಲು ದಂಡೆಯ ಮೇಲೆ ಟೆಂಟ್ ಇದೆ, ನಡೆದು ದಾಟುವ ತೂಗು ಸೇತುವೆ ಇದೆ. ದೋಣಿಯ ದರ ತಲೆಗಲ್ಲ, ದೋಣಿಗೆ. ಹತ್ತುವ ಮೊದಲೇ ಎಷ್ಟು ದೂರ, ಎಷ್ಟು ಹೊತ್ತು ಅಂತ ಮಾತಾಡಿಕೊಳ್ಳಿ. ಲೈಫ್ ಜಾಕೆಟ್ ಬೇಡ ಅನ್ನಬೇಡಿ. ತಳ ಕಾಣುವ ನೀರಿನ ಆಳ ಕಣ್ಣಿಗೆ ಗೊತ್ತಾಗುವುದಿಲ್ಲ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಅನ್ನ, ಬೇಳೆ, ಆಲೂಗಡ್ಡೆಗೆ ಸಿದ್ಧರಾಗಿರಿ. ಚಟ್ನಿಪುಡಿ ಒಯ್ದರೆ ಒಳ್ಳೆಯದು. ಮಾಂಸ ತಿನ್ನುವವರು ಜಾಡೊ, ಅಂದರೆ ಮಾಂಸ ಹಾಕಿ ಬೇಯಿಸಿದ ಖಾಸಿ ಅನ್ನ, ಬಿಡಬಾರದು. ಮಲೆನಾಡಿನವರಿಗಂತೂ ಇಲ್ಲಿ ಸುಮ್ನೆ ನಡೆದಾಡುವುದೇ ಖುಷಿ: ಅಡಿಕೆ ಮರ, ಮರಕ್ಕೆ ಹಬ್ಬಿದ ವೀಳ್ಯದ ಬಳ್ಳಿ. ಬಂದವರಿಗೆ ಮೊದಲು ಕೊಡುವುದೂ ಎಲೆ ಅಡಿಕೆಯೇ. ಕ್ವಾಯ್ ಅನ್ನುತ್ತಾರೆ. ಅಡಿಕೆ ಹಸಿಯಾಗಿರುತ್ತದೆ, ಸಖತ್ ಖಡಕ್. ಒಂದು ಚೂರು ಹಾಕಿಕೊಂಡರೂ ಮೈ ಬೆವರುತ್ತದೆ.

ಮರುದಿನ ಕೆಳಗೆ ಡಾವ್ಕಿಗೆ ಇಳಿಯಿರಿ. ಬ್ರಿಟಿಷರು 1932ರಲ್ಲಿ ಕಟ್ಟಿದ ತೂಗು ಸೇತುವೆ ಇಲ್ಲಿದೆ. ಒಂದು ಸಲಕ್ಕೆ ಒಂದೇ ಕಡೆಯ ವಾಹನ, ಹಾಗಾಗಿ ಕಾಯಬೇಕು. ಕಾವಲಿನವರು ಫೋಟೊ ಬೇಡ ಅಂದರೆ ಫೋನ್ ಒಳಗಿಡಿ. ಸೇತುವೆಯಿಂದ ಸ್ವಲ್ಪ ಕೆಳಗೆ ಬೆಟ್ಟ ಮುಗಿಯುತ್ತದೆ, ಹೊಳೆ ಒಮ್ಮೆಲೇ ಅಗಲವಾಗುತ್ತದೆ. ಇಳಿಜಾರು ಇಲ್ಲದ ಮೇಲೆ ನೀರಿಗೆ ಕಲ್ಲು ಹೊರುವ ಶಕ್ತಿ ಇಲ್ಲ. ಹೊತ್ತು ತಂದದ್ದನ್ನೆಲ್ಲ ಅಲ್ಲೇ ಇಳಿಸಿಬಿಡುತ್ತದೆ. ಆಚೆಯದು ಬಾಂಗ್ಲಾದೇಶದ ಜಾಫ್ಲಾಂಗ್. ಮೆಕ್ಕಲು ಮಣ್ಣಿನ ಆ ದೇಶದಲ್ಲಿ ಕಲ್ಲು ಸಿಗುವುದು ಅಪರೂಪ. ಬೆಟ್ಟ ಭಾರತಕ್ಕೆ ಉಳಿಯಿತು, ಅದರ ಕಲ್ಲನ್ನು ಹೊಳೆ ಬಾಂಗ್ಲಾದೇಶಕ್ಕೆ ಮುಟ್ಟಿಸುತ್ತದೆ. ಕಲ್ಲು ತೆಗೆಯುವುದು ಮಿತಿಮೀರಿದ ಮೇಲೆ 2015ರಲ್ಲಿ ಅಲ್ಲಿನ ಸರ್ಕಾರ ಈ ಜಾಗವನ್ನು ಪರಿಸರ ಸೂಕ್ಷ್ಮ ಪ್ರದೇಶ ಅಂತ ಘೋಷಿಸಿತು. ಮುಂದೆ ಈ ನೀರು ಪಿಯೈನ್, ಸುರ್ಮಾ, ಮೇಘನಾ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ.

1947ರ ಜುಲೈನಲ್ಲಿ ಸಿಲ್ಹೆಟ್‌ನಲ್ಲಿ ಜನಮತ ನಡೆದು ಆ ಜಿಲ್ಲೆಯ ಬಹುಭಾಗ ಪೂರ್ವ ಪಾಕಿಸ್ತಾನಕ್ಕೆ ಹೋಯಿತು. ಅಲ್ಲಿಯವರೆಗೆ ಬೆಟ್ಟದವರ ಕಿತ್ತಳೆ, ಅಡಿಕೆ, ವೀಳ್ಯದೆಲೆ ಎಲ್ಲ ಕೆಳಗಿನ ಸಿಲ್ಹೆಟ್ ಸಂತೆಗೇ ಇಳಿಯುತ್ತಿತ್ತು. ಈಗ ಹೊಳೆಯ ಪಾತ್ರದಲ್ಲಿ ಬೇಲಿಯೂ ಕಾಣುವುದಿಲ್ಲ. ಈ ಕಡೆ ನಾವು, ಕೂಗಿದರೆ ಕೇಳುವಷ್ಟು ದೂರದಲ್ಲಿ ಆ ಕಡೆಯ ಪ್ರವಾಸಿಗರು, ನಡುವೆ ಬಿಎಸ್‌ಎಫ್ ಯೋಧರು. ಅವರು ತೋರಿಸಿದ ಗೆರೆ ದಾಟಬೇಡಿ. ಬಾಂಗ್ಲಾದೇಶದಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ನಮ್ಮದು ಶನಿವಾರ, ಭಾನುವಾರ. ಮಂಗಳವಾರದಿಂದ ಗುರುವಾರದ ಒಳಗೆ ಹೋದರೆ ಎರಡೂ ಕಡೆ ಜನ ಕಡಿಮೆ. ಭಾನುವಾರ ಚರ್ಚಿನ ದಿನ, ಈ ಕಡೆಯ ಹಳ್ಳಿಗಳಲ್ಲಿ ಅಂಗಡಿ ಮುಚ್ಚಿರುತ್ತವೆ.

ಇನ್ನೊಂದು ವಿಷಯ ನೆನಪಿಡಿ. ಗಡಿಯಲ್ಲಿ ಫೋನ್ ಬಾಂಗ್ಲಾದೇಶದ ನೆಟ್‌ವರ್ಕ್ ಹಿಡಿದರೆ ಗಡಿಯಾರ ಅರ್ಧ ಗಂಟೆ ಮುಂದೆ ಹಾರುತ್ತದೆ. ರೋಮಿಂಗ್ ಆಫ್ ಮಾಡಿ. ಈಶಾನ್ಯದ ಕೆಲವು ರಾಜ್ಯಗಳಿಗೆ ಹೊರಗಿನವರು ಪಡೆಯಬೇಕಾದ ಇನ್ನರ್ ಲೈನ್ ಪರ್ಮಿಟ್ ಮೇಘಾಲಯಕ್ಕೆ ಬೇಕಿಲ್ಲ. ಆದರೆ ಬಾಂಗ್ಲಾದೇಶದ ತಮಾಬಿಲ್ ಗಡಿ ಠಾಣೆ ಮೂಲಕ ಆಚೆ ದಾಟಬೇಕೆಂದರೆ ಪಾಸ್‌ಪೋರ್ಟ್, ವೀಸಾ ಎರಡೂ ಬೇಕು. ವೀಸಾ ನಿಯಮ ಬದಲಾಗುತ್ತಿರುತ್ತದೆ, ಹೊರಡುವ ಮೊದಲೇ ವಿಚಾರಿಸಿ.

ಸಮಯ ಉಳಿದರೆ ರಿವಾಯ್ ಕಡೆಗಿನ ಗಡಿ ರಸ್ತೆಯಲ್ಲಿ ಬೋರ್‌ಹಿಲ್ ಜಲಪಾತ ನೋಡಿ. ರಸ್ತೆಯ ಸೇತುವೆ ಕೆಳಗೆ ಹಾದು ಆ ತೊರೆ ಬಾಂಗ್ಲಾದೇಶಕ್ಕೆ ಇಳಿಯುತ್ತದೆ. ಅಲ್ಲಿನವರು ಅದನ್ನು ಪಾಂಥುಮಾಯ್ ಜಲಪಾತ ಅನ್ನುತ್ತಾರೆ.

ನಮ್ಮ ದಕ್ಷಿಣ ಪಿನಾಕಿನಿಯೂ ನಂದಿಬೆಟ್ಟದ ಕಡೆ ಹುಟ್ಟಿ ಗಡಿ ದಾಟುವ ಹೊಳೆಯೇ ಅಲ್ವಾ? ವರ್ತೂರು ಕೆರೆಯ ಕೊಳಕು ಹೊತ್ತುಕೊಂಡು ಹೊಸೂರಿಗೆ ಹೋಗುತ್ತದೆ. ಉಮ್‌ಗೋಟ್ ನೋಡುವಾಗ ನನಗೆ ಅದೇ ಹೊಟ್ಟೆಗೆ ಸಂಕಟ. ಇಲ್ಲಿ 210 ಮೆಗಾವಾಟ್‌ನ ಅಣೆಕಟ್ಟು ಯೋಜನೆ ಬಂದಾಗ, 2021ರಲ್ಲಿ, ಹಳ್ಳಿಯವರು ಸಾರ್ವಜನಿಕ ಅಹವಾಲು ಸಭೆ ನಡೆಯಲು ಬಿಡದೆ ಎದುರು ನಿಂತರು. ಅವರ ಹೊಳೆಗೆ ಹೋಗುವ ನಾವು ಚಿಪ್ಸ್ ಪ್ಯಾಕೆಟ್ಟು, ನೀರಿನ ಬಾಟಲಿಯನ್ನು ಚೀಲದಲ್ಲೇ ವಾಪಸ್ ತರೋಣ.

ಬರುವಾಗ ಅಮ್ಲಾರೆಮ್, ಜೊವಾಯ್ ದಾರಿ ಹಿಡಿದರೆ ಕ್ರಾಂಗ್ ಸೂರಿ ಜಲಪಾತವೂ ಸಿಗುತ್ತದೆ. ಚಳಿಗಾಲದಲ್ಲಿ ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ, ಬೆಟ್ಟದ ರಸ್ತೆಯಲ್ಲಿ ಮಂಜೂ ಇರುತ್ತದೆ. ಮಧ್ಯಾಹ್ನದ ಊಟ ಮುಗಿಸಿದ ಕೂಡಲೇ ಹೊರಡಿ. ಗುವಾಹಟಿಯಿಂದ ವಿಮಾನ ಎಷ್ಟು ಹೊತ್ತಿಗಿದ್ದರೂ ಹಿಂದಿನ ರಾತ್ರಿ ಶಿಲ್ಲಾಂಗ್‌ಗೆ ಬಂದು ಉಳಿಯುವಂತೆ ಟಿಕೆಟ್ ಮಾಡಿಕೊಳ್ಳಿ.