ಥಾರ್‌ನಲ್ಲಿ ನಮ್ಮ ಜೀಪು ಹೂತದ್ದು ಮರಳಿನಲ್ಲಲ್ಲ

ವರ್ಷಕ್ಕೆ ಸುಮಾರು 20 ಸೆಂ.ಮೀ. ಮಳೆ ಕಾಣುವ ಜೈಸಲ್ಮೇರ್ ಸೀಮೆಗೆ ಛತ್ರಿ ಒಯ್ಯಬೇಕೆಂದು ಯಾರಿಗೆ ಹೊಳೆಯುತ್ತದೆ? ಆಗಸ್ಟ್ ಕೊನೆಯಲ್ಲಿ ನಾನು ಮತ್ತು ತಮ್ಮ ರೈಲಿನಿಂದ ಇಳಿದಾಗ ನಿಲ್ದಾಣದ ಹೊರಗೆ ಆಟೋದವರು ಪ್ಯಾಂಟು ಮಡಚಿಕೊಂಡು ನಿಂತಿದ್ದರು. ನಾಲ್ಕು ದಿನ ಬಿಡದೆ ಸುರಿದಿತ್ತಂತೆ. ಟೆಂಟು ಹೊತ್ತು ಅಷ್ಟು ದೂರ ಹೋದ ಮೇಲೆ ಹಿಂದಿರುಗುವ ಮನಸ್ಸಾಗಲಿಲ್ಲ. ಐದು ರಾತ್ರಿ ಬಯಲಿನಲ್ಲೇ ಕಳೆದೆವು. ಕೋಟೆ, ಹವೇಲಿಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಮಳೆ ಬಿದ್ದ ಮರುಭೂಮಿಯಲ್ಲಿ ಎಲ್ಲಿ ಮಲಗಬಾರದು ಎಂಬುದನ್ನಷ್ಟೇ ನಾನು ಹೇಳುತ್ತೇನೆ.

ಮೊದಲ ರಾತ್ರಿಯೇ ಮೋಸಹೋದೆವು. ಪ್ರಯಾಣದ ದಣಿವಿಗೆ ಸೋತು, ಪ್ರವಾಸಿಗರು ಮುಗಿಬೀಳುವ ಸಮ್ ಎಂಬಲ್ಲಿನ ಮರಳುದಿಬ್ಬಗಳ ಹತ್ತಿರದ ಒಂದು ಶಿಬಿರದಲ್ಲಿ ಉಳಿಯಲು ಒಪ್ಪಿದೆವು. ಒಂದು ರಾತ್ರಿಗೆ 4,500 ರೂಪಾಯಿ, ಪೂರ್ತಿ ಮುಂಗಡ. ‘ಮಳೆಯಿಂದ ಎಲ್ಲ ಹಸಿರಾಗಿದೆ, ನೀವೇ ಅದೃಷ್ಟವಂತರು’ ಎಂದ ಅಲ್ಲಿಯವನು. ಹಸಿರೇನೋ ನಿಜ. ಸುತ್ತಲಿನ ನೀರೆಲ್ಲ ಆ ತಗ್ಗಿಗೇ ಹರಿದು ಬರುತ್ತಿದ್ದರೆ ಹಸಿರಾಗದೆ ಇನ್ನೇನಾದೀತು! ಮಂಚದ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟಿದ್ದರು. ಅದನ್ನು ಕಂಡಾಗಲೇ ನನಗೆ ತಿಳಿಯಬೇಕಿತ್ತು. ನಡುರಾತ್ರಿ ಮತ್ತೊಂದು ಮಳೆ ಬಂತು. ಟಾರ್ಚ್ ಹಾಕಿದರೆ ಚಪ್ಪಲಿಗಳು ಬಾಗಿಲಿನತ್ತ ತೇಲುತ್ತಿದ್ದವು. ಪಕ್ಕದ ಶಿಬಿರದಲ್ಲಿ ಡಿಜೆ ಮಾತ್ರ ನಿಂತಿರಲಿಲ್ಲ. ಬೆಳಿಗ್ಗೆ ಅರ್ಧ ಹಣವಾದರೂ ಕೊಡಪ್ಪ ಎಂದರೆ, ಮಳೆ ದೇವರ ಕೈಯಲ್ಲಿದೆ ಎಂದ. ಸಮ್‌ನ ಗದ್ದಲ ಸಹಿಸುವವರು ಅಲ್ಲಿಗೇ ಹೋಗಲಿ. ಆದರೆ ಹಗಲಿನಲ್ಲಿ ಜಾಗ ನೋಡದೆ, ಮಂಚದ ಕೆಳಗೆ ಬಗ್ಗಿ ನೋಡದೆ ಹಣ ಕೊಡಬೇಡಿ.

ಮರುದಿನ ಖೂರಿ ಎಂಬ ಹಳ್ಳಿಯ ಕಡೆಗೆ ಬಾಡಿಗೆ ಜೀಪಿನಲ್ಲಿ ಹೊರಟೆವು. ದಿಬ್ಬಗಳನ್ನು ನೋಡಿ ನಾನು ಕಂಬಿ ಗಟ್ಟಿಯಾಗಿ ಹಿಡಿದು ಕುಳಿತೆ. ಜೀಪು ಡಾಂಬರು ರಸ್ತೆಯ ಮೇಲೆ ಹೋದಂತೆ ಹತ್ತಿ ಇಳಿಯಿತು. ನೀರು ಕುಡಿದ ಮರಳು ಬಿಗಿಯಾಗಿರುತ್ತದೆ. ಹೂತದ್ದು ಆಮೇಲೆ, ಎರಡು ದಿಬ್ಬಗಳ ನಡುವಿನ ಮಟ್ಟಸ ಬಯಲಿನಲ್ಲಿ. ಬಿಸಿಲಿಗೆ ಒಣಗಿ ಹಪ್ಪಳದಂತೆ ಬಿರಿದಿದ್ದ ಮೇಲ್ಪದರ ನೋಡಿದರೆ ಯಾರಿಗೂ ಅನುಮಾನ ಬಾರದು. ಒಳಗೆ ಜೇಡಿಯ ಹುದುಲು. ಕೆಳಗಿಳಿದ ತಮ್ಮನ ಕಾಲು ಮೇಲೆ ಬಂತು, ಬೂಟು ಬರಲಿಲ್ಲ. ‘ಅಕ್ಕಾ, ನೀನು ಇಳಿಯಬೇಡ’ ಎಂದು ಕೂಗಿದ. ಟ್ರಾಕ್ಟರ್ ಬರುವವರೆಗೆ ಮೂರು ಗಂಟೆ ಕಾದೆವು.

ಕಾಯುತ್ತಿದ್ದಾಗ ಚಾಲಕ ಬಾರ್ಮೇರ್ ಜಿಲ್ಲೆಯ ಕವಾಸ್ ಊರಿನ ಸಂಗತಿ ಹೇಳಿದ. 2006ರ ಆಗಸ್ಟ್‌ನಲ್ಲಿ ಮುಳುಗಿದ ಊರು ಅದು. ನೆಲದಡಿ ಜಿಪ್ಸಂ ಮತ್ತು ಜೇಡಿಯ ಪದರ ಇದ್ದುದರಿಂದ ನೀರು ಇಂಗಲಾರದೆ ತಿಂಗಳುಗಟ್ಟಲೆ ನಿಂತಿತ್ತು. ‘ಹುಕುಂ (ಅಲ್ಲಿ ಗೌರವದಿಂದ ಕರೆಯುವ ಮಾತು), ಇಲ್ಲಿ ನೀರನ್ನು ಮರಳು ಕುಡಿಯುತ್ತದೆ, ಬಯಲು ಕುಡಿಯುವುದಿಲ್ಲ’ ಎಂದ. ಹಾಗಾದರೆ ಬಯಲಿಗೆ ಜೀಪು ಇಳಿಸಿದ್ದೇಕೆ ಎಂದು ಕೇಳಿದ್ದಕ್ಕೆ ಹಲ್ಲು ಕಿರಿದ.

ಇದೇ ಗುಣವನ್ನು ನಂಬಿ ಈ ಸೀಮೆಯ ಪಾಲೀವಾಲ ಬ್ರಾಹ್ಮಣರು ಶತಮಾನಗಳ ಹಿಂದೆ ಖಡೀನ್‌ಗಳನ್ನು ಕಟ್ಟಿದರು. ಇಳಿಜಾರಿನ ಕೊನೆಗೆ ಉದ್ದನೆಯ ಮಣ್ಣಿನ ಬದು. ಮಳೆನೀರು ಅಲ್ಲಿ ನಿಂತು, ಇಳಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬೆಳೆಯುತ್ತಾರೆ. ಗಾಳಿಗೆ ಮರೆಯಾಗುತ್ತದೆಂದು ಬದುವಿನ ಒಳಮಗ್ಗುಲಲ್ಲಿ ನಾವು ಟೆಂಟು ಬಿಚ್ಚುತ್ತಿದ್ದೆವು; ಕುರಿ ಕಾಯುವ ಮುದುಕರೊಬ್ಬರು ಬಂದು ಎಬ್ಬಿಸಿದರು. ಇರುವೆಗಳು ಹೊಸದಾಗಿ ಮಣ್ಣು ಎತ್ತಿ ಹಾಕಿರುವ ಕಡೆ ಮಲಗಿ ಎಂದರು. ಆ ಮೇಲೆ ಮೂರು ರಾತ್ರಿ ಇರುವೆಗೂಡಿನಿಂದ ಹತ್ತು ಹೆಜ್ಜೆ ದೂರ, ದಿಬ್ಬದ ಅರ್ಧ ಎತ್ತರದಲ್ಲಿ ಮಲಗಿ ಒಣಗಿಯೇ ಎದ್ದೆವು. ತೀರಾ ನೆತ್ತಿಗೆ ಹೋಗಬೇಡಿ, ಸಿಡಿಲಿನ ಭಯ.

ಒದ್ದೆ ಮರಳಿನಲ್ಲಿ ಗೂಟ ಚೆನ್ನಾಗಿ ಕೂರುತ್ತದೆ, ಮಧ್ಯಾಹ್ನ ಮರಳು ಒಣಗಿದೊಡನೆ ಸಡಿಲವಾಗುತ್ತದೆ. ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ ಮೊಳದಾಳದಲ್ಲಿ ಹೂಳುವುದೇ ಸರಿ. ಸೊಳ್ಳೆ ಪರದೆ ಇಲ್ಲದೆ ಹೋಗಲೇಬೇಡಿ. ಬಿಲಕ್ಕೆ ನೀರು ನುಗ್ಗಿದಾಗ ಚೇಳು, ಹಾವು ಮೇಲೆ ಬರುತ್ತವೆ. ಗರಗಸ ಮಂಡಲದ ಹಾವು ಅಲ್ಲಿಯದೇ, ಕಡಿದರೆ ಜೀವಕ್ಕೆ ಅಪಾಯ. ಬೂಟು ಕೊಡವದೆ ಕಾಲಿಡಬೇಡಿ. ಟೆಂಟಿನ ಬಟ್ಟೆಯ ಮೇಲೆ ಕೆಂಪು ಮಖಮಲ್ಲಿನ ಚೂರಿನಂತೆ ಹರಿದಾಡುವುದು ಇಂದ್ರಗೋಪ ಎಂಬ ಹುಳು, ಅದನ್ನು ಕಂಡು ಹೆದರಬೇಕಿಲ್ಲ.

ಖೂರಿಯಿಂದ ಹಿಂದಿರುಗುವ ದಾರಿಯಲ್ಲಿ, ಬನ್ನಿ ಮರದ ಕೆಳಗೆ ತಗಡಿನ ಮಾಡಿನ ಒಂದು ಊಟದ ಜಾಗವಿದೆ. ಬನ್ನಿಗೆ ಅಲ್ಲಿ ಖೇಜ್ಡಿ ಎನ್ನುತ್ತಾರೆ. ಅದರ ಎಳೆಯ ಕೋಡುಗಳನ್ನು ಒಣಗಿಸಿಟ್ಟು, ಕೇರ್ ಎಂಬ ಪುಟ್ಟ ಕಾಯಿಗಳೊಡನೆ ಎಣ್ಣೆಯಲ್ಲಿ ಬಾಡಿಸಿದ ಪಲ್ಯ. ದಪ್ಪನೆಯ ಸಜ್ಜೆ ರೊಟ್ಟಿ, ನಡುವೆ ಬೆರಳಿನಿಂದ ಗುಳಿ ಮಾಡಿ ತುಪ್ಪ. ಮಳೆಗೆ ಬಳ್ಳಿ ಹಬ್ಬಿ ಬಿಟ್ಟ ಕಾಚರಿ ಕಾಯಿಯನ್ನು ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ ಹಾಕಿ ಕಲ್ಲಿನಲ್ಲಿ ಅರೆದ ಚಟ್ನಿಯಂತೂ ಹುಳಿ, ಖಾರ ಒಟ್ಟಿಗೆ ನೆತ್ತಿಗೇರುವಂಥದು. ತಮ್ಮ ಐದು ರೊಟ್ಟಿ ತಿಂದ, ಅವನ ಎಡಗಾಲಿಗೆ ಆಗಲೂ ಬೂಟಿರಲಿಲ್ಲ. ಇಬ್ಬರಿಗೂ ಸೇರಿ 160 ರೂಪಾಯಿ ಆಯಿತು. ಕೂರಲು ಹಗ್ಗದ ಮಂಚ, ಕೈ ತೊಳೆಯಲು ಬಿಂದಿಗೆಯ ನೀರು, ನೊಣಗಳ ಹಾವಳಿ ಬೇಕಾದಷ್ಟು. ಹೋಗುವುದಾದರೆ ಹನ್ನೆರಡರೊಳಗೆ ಹೋಗಿ, ಆಮೇಲೆ ಮಜ್ಜಿಗೆ ಉಳಿದಿರುವುದಿಲ್ಲ.