ಗೋಳದ ಮೇಲೊಂದು ದಾರ

14 ಜೂನ್ 2019, ಶುಕ್ರವಾರ

ತಂಗಿ ಪರ್ತ್‌ನಲ್ಲಿ ವಿಮಾನ ಹತ್ತಿದ್ದಾಳೆ. ನಡುವೆ ಎಲ್ಲಿಯೂ ಇಳಿಯದೆ ನೇರವಾಗಿ ಲಂಡನ್ ಸೇರಬೇಕು. ಅವಳು ಕಳುಹಿಸಿದ್ದ ಟಿಕೆಟ್ಟನ್ನು ಅಪ್ಪ ಎರಡು ಬಾರಿ ಓದಿದರು. "ಸಂಜೆ 6.45ಕ್ಕೆ ಹೊರಟು ಬೆಳಿಗ್ಗೆ 5.05ಕ್ಕೆ ಇಳಿಯುತ್ತಾಳೆ. ಹತ್ತು ಗಂಟೆ ಇಪ್ಪತ್ತು ನಿಮಿಷ. ಒಂದು ನಿದ್ದೆ ಮುಗಿಯುವಷ್ಟರಲ್ಲಿ ಲಂಡನ್ ಬಂದಿರುತ್ತದೆ" ಎಂದರು. ಆ ನೆಮ್ಮದಿಯನ್ನು ಕೆಡಿಸಲು ಮನಸ್ಸಾಗಲಿಲ್ಲ. ಆದರೆ ಹತ್ತು ಗಂಟೆಯ ನಂತರ ಫೋನ್ ಬಾರದೆ ಅವರು ಗಾಬರಿಪಡುವುದನ್ನು ನೆನೆದು ಹೇಳಿಯೇಬಿಟ್ಟೆ.

ಟಿಕೆಟ್ಟಿನಲ್ಲಿರುವುದು ಆಯಾ ಊರಿನ ಗಡಿಯಾರದ ಹೊತ್ತು. ಬೇಸಿಗೆಯ ಈ ತಿಂಗಳುಗಳಲ್ಲಿ ಲಂಡನ್ನಿನ ಗಡಿಯಾರ ಪರ್ತ್‌ಗಿಂತ ಏಳು ಗಂಟೆ ಹಿಂದಿರುತ್ತದೆ. ಆ ಏಳನ್ನು ಕೂಡಿಸಿದರೆ ಪ್ರಯಾಣ ಹದಿನೇಳು ಗಂಟೆ ಇಪ್ಪತ್ತು ನಿಮಿಷ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಷ್ಟು ಹೊತ್ತು ಆಕಾಶದಲ್ಲೇ ಇರಲು ಇಂಧನ ಸಾಲುತ್ತದೆಯೇನಪ್ಪಾ?" ಎಂದು ಕೇಳಿದರು. ಬೋಯಿಂಗ್ 787-9ರ ಟ್ಯಾಂಕುಗಳಲ್ಲಿ ಸುಮಾರು 1 ಲಕ್ಷ 26 ಸಾವಿರ ಲೀಟರ್ ಹಿಡಿಯುತ್ತದೆ, 2018ರ ಮಾರ್ಚ್ 24ರಿಂದಲೂ ಈ ವಿಮಾನ ಹೀಗೆಯೇ ಓಡಾಡುತ್ತಿದೆ ಎಂದೆ.

ಅಪ್ಪ ಕಪಾಟಿನಿಂದ ಹಳೆಯ ಭೂಗೋಳವನ್ನು ಇಳಿಸಿ, ಪರ್ತ್‌ನ ಮೇಲೆ ಹೆಬ್ಬೆರಳೊತ್ತಿ, ಹೊಲಿಗೆಯ ದಾರವನ್ನು ಲಂಡನ್ನಿನವರೆಗೆ ಬಿಗಿಯಾಗಿ ಎಳೆದರು. ಗೋಡೆಯ ನಕಾಶೆಯಲ್ಲಿ ಅಡಿಕೋಲಿಟ್ಟಾಗ ಮಾಲ್ಡೀವ್ಸ್‌ನ ಬಳಿ ಹಾದಿದ್ದ ಗೆರೆ, ಇಲ್ಲಿ ಶ್ರೀಲಂಕಾದ ಮೇಲೆ ಬಿದ್ದು, ದಕ್ಷಿಣ ಭಾರತವನ್ನು ದಾಟಿ, ಅರಬ್ಬಿ ಸಮುದ್ರದ ಅಂಚಿನಲ್ಲಿ ಇರಾನಿನ ಕಡೆ ಹೊರಳಿತು. ಚಪ್ಪಟೆ ಕಾಗದದಲ್ಲಿ ನೇರವಾಗಿ ಕಾಣುವ ದಾರಿ ಉರುಟಾದ ಭೂಮಿಯ ಮೇಲೆ ಸುತ್ತುದಾರಿ. ದಾರದ ಅಳತೆ 14,498 ಕಿ.ಮೀ. ಗಾಳಿ, ವಾಯುಮಾರ್ಗಗಳಿಗೆ ತಕ್ಕಂತೆ ವಿಮಾನ ಅದರಿಂದ ಅಷ್ಟಿಷ್ಟು ಸರಿಯುತ್ತದೆ.

"ಬರುವಾಗ ಹದಿನಾರೂಮುಕ್ಕಾಲು ಗಂಟೆ ಎಂದಿದೆಯಲ್ಲ? ಭೂಮಿ ಪೂರ್ವಕ್ಕೆ ತಿರುಗುತ್ತಿರುವಾಗ ಲಂಡನ್ನೇ ಇವಳೆದುರಿಗೆ ಬರಬೇಕು. ಹೋಗುವುದೇ ಬೇಗ ಆಗಬೇಕಿತ್ತು."

ಈ ಪ್ರಶ್ನೆ ನನಗೆ ತುಂಬ ಇಷ್ಟವಾಯಿತು. ಭೂಮಿಯೊಡನೆ ಅದರ ಗಾಳಿಯೂ, ಆ ಗಾಳಿಯಲ್ಲಿರುವ ವಿಮಾನವೂ ತಿರುಗುವುದರಿಂದ ಅದರಿಂದ ಲಾಭವಿಲ್ಲ. ಹತ್ತು ಹನ್ನೆರಡು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿ ಹೋಗುವಾಗ ಎದುರಾಗುತ್ತದೆ, ಬರುವಾಗ ಬೆನ್ನಿಗೆ ಬರುತ್ತದೆ ಎಂದು ವಿವರಿಸಿದೆ. ಅವರು ತಲೆದೂಗಿದರು, ಆದರೆ ಕಣ್ಣು ದಾರದ ಮೇಲೆಯೇ ಇತ್ತು. "ಕಿಟಕಿಯ ಪಕ್ಕದ ಸೀಟು ಸಿಕ್ಕಿದೆಯೋ ಇಲ್ಲವೋ. ಕಾಲು ಊದಿಕೊಳ್ಳುತ್ತದೆ ಅವಳಿಗೆ."

ಹೊರಟು ಆರೂಮುಕ್ಕಾಲು ಗಂಟೆಯಾಯಿತು. ದಾರದ ಲೆಕ್ಕದಲ್ಲಿ 5,600 ಕಿ.ಮೀ., ಶ್ರೀಲಂಕಾದ ಹತ್ತಿರ. ಅಪ್ಪ ಇನ್ನೂ ಮಲಗಿಲ್ಲ. ಬೆರಳನ್ನು ದ್ವೀಪದಿಂದ ಮೇಲಕ್ಕೆ ಸರಿಸುತ್ತಾ, ಇನ್ನು ಹತ್ತು ಗಂಟೆ ಚಿಲ್ಲರೆ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದಾರೆ.